ಐದನೇ ಕಂಬದ ಬುಡ

ಹಲಗೆ ಬಿಚ್ಚುವ ದಿನ ಮೇಸ್ತ್ರಿಗೆ ಏಳುವಾಗಲೇ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಯಾರಾದರೂ ಕೇಳಿದ್ದರೆ ಅವರ ಮೇಲೂ ಬರುತ್ತಿತ್ತು. ಬಾಯಿ ಮುಕ್ಕಳಿಸಲು ಡ್ರಮ್ಮಿನ ಮುಚ್ಚಳ ತೆಗೆದರೆ ಸಿಹಿನೀರು ತಳದಲ್ಲಿ ಒಂದು ಗೇಣಷ್ಟೇ ಉಳಿದಿತ್ತು. ಯಾವನೋ ಕದ್ದು ಸ್ನಾನ ಮಾಡಿದ್ದಾನೆ ಎಂದುಕೊಂಡ. ತಗಡಿನ ಶೆಡ್ಡಿನ ಉದ್ದಕ್ಕೂ ಹಗ್ಗದ ಮೇಲೆ ಹನ್ನೊಂದು ಜನರ ಬಟ್ಟೆಗಳು ಉಪ್ಪುಗಾಳಿಗೆ ಒಣಗದೆ ಅಂಟಂಟಾಗಿ ತೂಗುತ್ತಿದ್ದವು. ದಾಟಿ ಹೋಗುವಾಗ ಒದ್ದೆ ತೋಳೊಂದು ಕೆನ್ನೆಗೆ ಸವರಿತು, ಎಳೆದು ನೆಲಕ್ಕೆ ಬಿಸಾಕಿದ. ಆಮೇಲೆ ನೋಡಿದರೆ ಅದು ಅವನದೇ ಅಂಗಿ. ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದ ಭಾಮೈದ ಎದ್ದು, ಅಂಗಿ ಎತ್ತಿ, ಮರಳು ಕೊಡವಿ, ಮತ್ತೆ ಹಗ್ಗಕ್ಕೆ ಹಾಕಿದ. ಮೂರು ದಿನದಿಂದ ಅವನು ಏನೂ ಹೇಳುತ್ತಿರಲಿಲ್ಲ, ಮತ್ತು ಮೇಸ್ತ್ರಿಗೆ ತಡೆಯಲಾಗದ್ದು ನಿಜವಾಗಿ ಅದೇ. ಆ ಮನುಷ್ಯ ಒಂದು ಸಲ ಮುಖ ಊದಿಸಿಕೊಂಡಿದ್ದರೆ, ಒಂದು ಸಲ ಊಟದ ತಟ್ಟೆ ಕುಕ್ಕಿದ್ದರೆ, ಇವನೂ ನಾಲ್ಕು ಮಾತು ಬೈದು ಅಲ್ಲಿಗೆ ಮುಗಿಸಬಹುದಿತ್ತು.

ಭಾಮೈದನನ್ನು ಕೆಲಸದವರೆಲ್ಲ ಎಣಿಕೆ ಎಂದು ಕರೆಯುತ್ತಿದ್ದರು. ವೈಬ್ರೇಟರ್ ಹಿಡಿಯುವುದು ಅವನ ಕೆಲಸ. ಹಸಿ ಕಾಂಕ್ರೀಟಿನೊಳಕ್ಕೆ ಅದರ ಕಬ್ಬಿಣದ ಮೂತಿಯನ್ನು ಇಳಿಸಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬರುವತನಕ ಕಾದು, ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಜಲ್ಲಿ ಜಲ್ಲಿಯಾಗಿಯೇ ಕೂತು ನಡುವೆ ಪೊಳ್ಳು ಉಳಿದುಬಿಡುತ್ತದೆ. ಎಣಿಕೆ ಪ್ರತಿ ಸಲವೂ ಒಂದರಿಂದ ಹದಿನೈದರವರೆಗೆ ಬಾಯಿಬಿಟ್ಟು ಎಣಿಸುತ್ತಿದ್ದ. ಮೊದಮೊದಲು ಎಲ್ಲರೂ ನಕ್ಕರು, ಆಮೇಲೆ ಆ ದನಿ ಇಲ್ಲದಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅನ್ನಿಸದಾಯಿತು. ಮೊದಲು ಅವನು ದರ್ಜಿ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕರೆಯಬೇಕಾಗಿ ಬಂದಾಗ ಅಂಗಡಿ ಮುಚ್ಚಿದ್ದ. ಆ ದಿನ ಮೇಸ್ತ್ರಿಯ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಯಲ್ಲಿ ಸೌಟು ಹಿಡಿದುಕೊಂಡೇ, "ನನ್ನ ತಮ್ಮನ್ನ ನಿಮ್ಮ ಜೊತೆ ಕರ್ಕೊಂಡ್ ಹೋಗಿ ರೀ. ಬೈಬೇಡಿ, ಅಷ್ಟೇ. ಅವನು ಬೈಸಿಕೊಂಡು ಬೆಳೆದವನಲ್ಲ," ಎಂದಿದ್ದಳು. ಬೈಯದೆ ಕಾಂಕ್ರೀಟ್ ಕೆಲಸ ಮಾಡಿಸಲು ಆಗುತ್ತದೆಯೇ ಎಂದು ಮೇಸ್ತ್ರಿ ನಕ್ಕಿದ್ದ. ಇವನಿಗೆ ಕೆಲಸ ಕಲಿಸಿದ ಹಳೇ ಮೇಸ್ತ್ರಿ ದನಿ ಎತ್ತಿದವನೇ ಅಲ್ಲ. ಪಿಸುಗುಟ್ಟುವ ಹಾಗೆ ಮಾತಾಡುತ್ತಿದ್ದ, ಕೇಳಬೇಕಾದರೆ ಹತ್ತಿರ ಹೋಗಬೇಕಿತ್ತು. ಕೈಲಾಗದ ಮುದುಕ ಎಂದು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದವರಲ್ಲಿ ಇವನೇ ಮೊದಲಿಗ.

ದ್ವೀಪ ಎಂದರೆ ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಬಹುದಾದ ಬಂಡೆ. ಅದರ ಒಂದು ಮಗ್ಗುಲಲ್ಲಿ ದೋಣಿ ನಿಲ್ಲುವ ಕಟ್ಟೆ ಏಳಬೇಕಿತ್ತು. ಆರು ಕಂಬ, ಮೇಲೊಂದು ಸ್ಲ್ಯಾಬು. ಸಿಮೆಂಟು, ಮರಳು, ಜಲ್ಲಿ, ಕುಡಿಯುವ ನೀರು, ಕಲಸುವ ನೀರು, ಎಲ್ಲವೂ ದೋಣಿಯಲ್ಲೇ ಬರಬೇಕು. ಸಮುದ್ರ ದಿನಕ್ಕೆ ಎರಡು ಸಲ ಮೇಲೆ ಬಂದು ಕಂಬಗಳ ಬುಡವನ್ನು ಎದೆಮಟ್ಟ ಮುಳುಗಿಸುತ್ತಿತ್ತು, ಎರಡು ಸಲ ಇಳಿದು ಬಂಡೆಯನ್ನು ಬರಿದು ಮಾಡುತ್ತಿತ್ತು. ಕೆಲಸವೆಲ್ಲ ಆ ಇಳಿತದಲ್ಲೇ ಮುಗಿಯಬೇಕು. ಹೊಸಬರು ಬಂದಾಗಲೆಲ್ಲ ಮೇಸ್ತ್ರಿ ಕಂಬದ ಮುಂದೆ ನಿಂತು ಹೇಳುವುದಿತ್ತು: "ಈ ನೀರಿಗೆ ಕಬ್ಬಿಣದ ಹಸಿವು. ಕೂದಲೆಳೆ ಜಾಗ ಬಿಟ್ರೂ ಒಳಗೆ ಹೋಗಿ ಕಂಬಿ ತಿನ್ನುತ್ತೆ. ಹೊರಗಡೆಯಿಂದ ನೋಡಿದ್ರೆ ಹತ್ತು ವರ್ಷ ಗೊತ್ತಾಗಲ್ಲ. ಒಂದಿನ ಜನ ನಿಂತಿರೋವಾಗ ಗೊತ್ತಾಗುತ್ತೆ." ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ಈಗ, ಬೆಳಗಿನ ಇಳಿತದಲ್ಲಿ, ಪಾಚಿಯ ಮೇಲೆ ಜಾರದಂತೆ ಹೆಜ್ಜೆ ಊರುತ್ತ ಐದನೇ ಕಂಬದತ್ತ ನಡೆಯುವಾಗ, ಅದು ಬೇರೆ ಯಾರೋ ತನಗೆ ಹೇಳಿದಂತೆ ಕೇಳಿಸಿತು. ಹಲಗೆಯ ಹಿಂದೆ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ಕಂಬದ ಬುಡ, ಸಮುದ್ರದ ಕಡೆಯ ಮೂಲೆ.

ಮೂರು ದಿನದ ಹಿಂದೆ ಆ ಕಂಬಕ್ಕೆ ಕಾಂಕ್ರೀಟ್ ಸುರಿಯಲು ಶುರುಮಾಡಿದಾಗಲೇ ದೋಣಿಯಲ್ಲಿ ಆಫೀಸಿನ ದೊಡ್ಡವರು ಬಂದಿಳಿದಿದ್ದರು. ಮಡಿಕೆ ಮಾಸದ ಅಂಗಿ, ತಲೆಗೆ ಅದೇ ಆಗ ಕವರಿನಿಂದ ತೆಗೆದ ಹಳದಿ ಹೆಲ್ಮೆಟ್ಟು. ಮೇಸ್ತ್ರಿ ಕೈ ತೊಳೆದುಕೊಂಡು, ಕೇಳಿದರೆ ಹೇಳೋಣ ಎಂದು ಪಕ್ಕದಲ್ಲಿ ಹೋಗಿ ನಿಂತ. ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದವನು. ಕೇಳಬಹುದು ಎಂದು ನಿಜವಾಗಿಯೂ ಅಂದುಕೊಂಡಿದ್ದ, ಮನಸ್ಸಿನಲ್ಲೇ ಎರಡು ವಾಕ್ಯ ಜೋಡಿಸಿಯೂ ಇದ್ದ. ಸೈಟ್ ಇಂಜಿನಿಯರು ಮೊಬೈಲು ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, "ಮೇಸ್ತ್ರಿ, ಸ್ವಲ್ಪ ಆ ಕಡೆ ಸರೀರಿ, ಫೋಟೋದಲ್ಲಿ ಬರ್ತಿದ್ದೀರಿ," ಎಂದ. ಸರಿದ. "ಇನ್ನೂ ಸ್ವಲ್ಪ." ಇನ್ನೂ ಸರಿದ. ಹಿಂದೆ ಕಂಬಿಯ ರಾಶಿ ಕಾಲಿಗೆ ತಾಗಿ ತಡವರಿಸಿದಾಗ ದೊಡ್ಡವರಲ್ಲಿ ಒಬ್ಬರು ನಕ್ಕರು, ಕೆಟ್ಟ ನಗುವಲ್ಲ, ಮನುಷ್ಯರು ಸುಮ್ಮನೆ ನಗುತ್ತಾರಲ್ಲ ಹಾಗೆ. ತಲೆ ಎತ್ತಿದರೆ ಕಂಬದ ಮೇಲಿನ ಅಟ್ಟಣಿಗೆಯಲ್ಲಿ ವೈಬ್ರೇಟರ್ ಹಿಡಿದು ನಿಂತ ಎಣಿಕೆ ಇತ್ತಲೇ ನೋಡುತ್ತಿದ್ದ, ಅವನ ಮುಖದಲ್ಲೂ ನಗು. ಬಿಸಿಲಿಗೆ ಮುಖ ಕಿವುಚಿದ್ದಿರಬಹುದು. ಮಂಜುಗಣ್ಣಿನವನು, ಅಷ್ಟು ದೂರದಿಂದ ಅವನಿಗೆ ಏನು ಕಂಡೀತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ಮೈಯೆಲ್ಲ ಉರಿದುಹೋಗಿತ್ತು. ಏಣಿ ಹತ್ತಿ ಹೋಗಿ ಅವನ ಕೈಯಿಂದ ವೈಬ್ರೇಟರ್ ಕಿತ್ತುಕೊಂಡು, "ಇಳಿಯೋ ಕೆಳಗೆ! ಎಣಿಸ್ತಾನಂತೆ! ಅಕ್ಕನ ಸೆರಗು ಹಿಡ್ಕೊಂಡು ಕೆಲಸಕ್ಕೆ ಬಂದವನು ನೀನು, ನಿನ್ನ ಎಣಿಕೆ ಮುಗಿಯೋಷ್ಟರಲ್ಲಿ ಕಂಬಕ್ಕೆ ವಯಸ್ಸಾಗುತ್ತೆ!" ಎಂದು ಎಲ್ಲರಿಗೂ ಕೇಳುವಂತೆ ಕಿರುಚಿದ್ದ. ಎಣಿಕೆ ಇಳಿದು ಹೋದ. ಮೇಸ್ತ್ರಿ ವೈಬ್ರೇಟರಿನ ಮೂತಿಯನ್ನು ಒಂದು ಕಡೆ ಅದ್ದಿ, ಎಳೆದು, ಇನ್ನೊಂದು ಕಡೆ ಅದ್ದಿ, ಎಳೆದು, ಸಮುದ್ರದ ಕಡೆಯ ಮೂಲೆಗೆ ಹೋಗುವ ಮೊದಲೇ, "ಸುರೀರಿ, ಏನು ನೋಡ್ತೀರ!" ಎಂದು ಮುಂದಿನ ಮಾಲು ಹಾಕಿಸಿಬಿಟ್ಟ. ಹಾಕಿಸುವಾಗಲೇ ಗೊತ್ತಿತ್ತು. ಅದೇ ಅವನಿಗೆ ಮತ್ತೆ ಮತ್ತೆ ನೆನಪಾಗುತ್ತಿದ್ದದ್ದು, ಗೊತ್ತಿದ್ದೂ ಹಾಕಿಸಿದ ಆ ಗಳಿಗೆಯಲ್ಲಿ ಆದ ಒಂದು ಬಗೆಯ ಸುಖ.

ಹಲಗೆ ಬಡಿಯುವುದು, ಬಿಚ್ಚುವುದು ಬಡಗಿ ತಾತನ ಕೆಲಸ. ಅವನು ಮೊಳೆ ಕಿತ್ತು, ಸನ್ನೆಕೋಲು ಹಾಕಿ ಮೀಟಿದ. ಮೂರು ಬದಿ ಕನ್ನಡಿಯ ಹಾಗೆ ಬಂತು. ನಾಲ್ಕನೆಯದು ಬಿಡುವಾಗ ಹಲಗೆಯ ಜೊತೆ ಒಂದು ಹಿಡಿ ಜಲ್ಲಿ ಬಂಡೆಯ ಮೇಲೆ ಉದುರಿ ಸದ್ದಾಯಿತು. ಮಂಡಿಯ ಎತ್ತರದಲ್ಲಿ, ಒಂದು ಮೊಳ ಅಗಲಕ್ಕೆ, ಕಂಬ ಇರಲೇ ಇಲ್ಲ. ಜೇನುಗೂಡಿನಂತೆ ತೂತುತೂತು, ಕಲ್ಲಿಗೆ ಕಲ್ಲು ತಾಗಿ ನಿಂತಿದ್ದಷ್ಟೇ, ಅದರೊಳಗೆ ಎರಡು ಕಂಬಿ ಬೆತ್ತಲಾಗಿ ಕಾಣುತ್ತಿದ್ದವು. ಬಡಗಿ ತಾತ ಬೆರಳು ತೂರಿಸಿ ನೋಡಿದ, ಎರಡು ಗೆಣ್ಣು ಒಳಗೆ ಹೋಯಿತು. ಕಾಂಕ್ರೀಟ್ ಕಲಸುವ ಮಿಕ್ಸರಿನವನು ಅತ್ತ ಮುಖ ತಿರುಗಿಸಿ ಕೆಮ್ಮಿದ. ಯಾರೂ ಮೇಸ್ತ್ರಿಯ ಮುಖ ನೋಡಲಿಲ್ಲ, ಎಷ್ಟು ಎಚ್ಚರದಿಂದ ನೋಡಲಿಲ್ಲವೆಂದರೆ ಅದು ನೋಡಿದ ಹಾಗೇ ಆಯಿತು. ಇಂಜಿನಿಯರು ಪ್ಯಾಂಟು ಮಡಚಿಕೊಂಡು ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ. ಮೂವತ್ತರ ಆಸುಪಾಸಿನವನು, ಬೆವರಿದರೂ ವಾಸನೆ ಬರದವನು.

"ವೈಬ್ರೇಟರ್ ಹಿಡಿದಿದ್ದು ಯಾರು?" ಎಂದು ಕೇಳಿದ.

ಅಲೆ ಬಂಡೆಯ ಸಂದಿಗೆ ಬಂದು ಹೋಗುವ ಸದ್ದು. ಮೇಸ್ತ್ರಿ ಬಾಯಿ ತೆರೆಯಲಿದ್ದ, ತೆರೆದೇ ತೆರೆಯುತ್ತಿದ್ದ, ಅವನಿಗೆ ಅದರಲ್ಲಿ ಸಂದೇಹವಿರಲಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಸಮಯ ಬೇಕಿತ್ತು ಅಷ್ಟೇ. ಆದರೆ ಆ ಉಸಿರು ಮುಗಿದ ಮೇಲೆ ಇನ್ನೊಂದು ಉಸಿರು ಬಂತು. ಅಂದು ಬಂದಿದ್ದ ದೊಡ್ಡವರ ಹಳದಿ ಹೆಲ್ಮೆಟ್ಟುಗಳು ಕಣ್ಣ ಮುಂದೆ ಬಂದವು, ಹೊಸಬರ ಮುಂದೆ ತಾನು ಹೇಳುತ್ತಿದ್ದ ಆ ಮಾತು ಬಂತು, ನಾಳೆ ಇವರೆಲ್ಲ ಅದೇ ಮಾತನ್ನು ತನ್ನ ದನಿಯಲ್ಲೇ ಅಣಕಿಸಿ ನಗುವುದು ಬಂತು.

"ಆ ಎಣಿಸೋ ಮನುಷ್ಯ ಅಲ್ವಾ?" ಎಂದು ಇಂಜಿನಿಯರು ತಾನೇ ಹೇಳಿದ. "ಏನ್ರೀ, ಇದೇನಾ ನಿಮ್ಮ ಎಣಿಕೆ?"

ಎಣಿಕೆ ಕೈಗವಸು ಬಿಚ್ಚಿ ಒಂದರ ಮೇಲೊಂದು ಇಟ್ಟು ಮಡಚಿದ. ಇಂಜಿನಿಯರ ಕಡೆ ನೋಡಲಿಲ್ಲ. ಭಾವನ ಕಡೆ ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ, ಬಸ್ಸಿಗೆ ಕಾಯುವವನು ರಸ್ತೆಯ ತಿರುವು ನೋಡುವ ಹಾಗಿತ್ತು. ಮೇಸ್ತ್ರಿ ಬಗ್ಗಿ ಉದುರಿದ ಜಲ್ಲಿಯೊಂದನ್ನು ಕೈಗೆತ್ತಿಕೊಂಡು ಅದರಲ್ಲಿ ಏನೋ ಇದೆ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ.

"ಮಧ್ಯಾಹ್ನದ ದೋಣಿಗೆ ಇವರನ್ನ ಕಳಿಸಿ ಮೇಸ್ತ್ರಿ. ನಿಮ್ಮ ಸಂಬಂಧಿಕರು ಅಂತ ಗೊತ್ತು, ಆದ್ರೆ ನಾನು ರಿಪೋರ್ಟ್ ಬರೀಬೇಕು. ಇದನ್ನ ನೀರು ಏರೋದರೊಳಗೆ ಮುಚ್ಚಿಬಿಡಿ. ಬೇಗ ಗಟ್ಟಿಯಾಗೋ ಆ ಪುಡಿ ಇದೆಯಲ್ಲ, ಅದನ್ನ ಮೆತ್ತಿ."

"ಮೆತ್ತಿದ್ರೆ ಒಳಗಿನದು ಹಾಗೇ ಉಳಿಯುತ್ತೆ ಸಾರ್," ಎಂದ ಬಡಗಿ ತಾತ.

"ನಿಮ್ಮನ್ನ ಕೇಳಿಲ್ಲ."

ಪುಡಿ ಕಲಸಿ ತಂದರು. ಕರಣೆ ಯಾರ ಕೈಗೆ ಕೊಡಬೇಕೆಂದು ಗೊತ್ತಾಗದೆ ಮಿಕ್ಸರಿನವನು ನಿಂತಿದ್ದಾಗ ಮೇಸ್ತ್ರಿ ಕಸಿದುಕೊಂಡ. ಯಾರಿಗಾದರೂ ಹೇಳಿ ಮಾಡಿಸಬಹುದಿತ್ತು, ತಾನೇ ಮಾಡಿದ. ಮಂಡಿಯೂರಿ, ತೂತಿನ ಮೇಲೆ ಗಾರೆ ಒತ್ತಿ, ಎಳೆದು, ನೀರು ಚಿಮುಕಿಸಿ ನಯಮಾಡಿದ. ಅವನ ಕೈ ಒಳ್ಳೆಯ ಕೈ. ಹತ್ತು ನಿಮಿಷದಲ್ಲಿ ಎಲ್ಲಿ ತೂತಿತ್ತು ಎಂದು ಅವನಿಗೇ ತಿಳಿಯದಂತಾಯಿತು, ಮತ್ತು ಆ ನಯವನ್ನು ಕಂಡು ಕೈಗೆ ಅಭ್ಯಾಸದ ಹೆಮ್ಮೆ ಬಂದದ್ದಕ್ಕೆ ಕರಣೆಯನ್ನು ಬಂಡೆಗೆ ಬೀಸಿ ಒಗೆದ. ಹಿಡಿ ಮುರಿಯಿತು. ಆಮೇಲೆ ಎದ್ದು ಎಲ್ಲರನ್ನೂ ಬೈದ. ಮೊಳೆ ಆರಿಸಲಿಲ್ಲವೆಂದು ಬಡಗಿ ತಾತನನ್ನು, ಮಿಕ್ಸರಿನ ಬಾಯಿ ತೊಳೆದಿಲ್ಲವೆಂದು ಇನ್ನೊಬ್ಬನನ್ನು, ಸುಮ್ಮನೆ ನಿಂತಿದ್ದಕ್ಕೆ ಮತ್ತೊಬ್ಬನನ್ನು. ಬೈಗುಳ ಬಾಯಿಂದ ಹೊರಡುವಾಗ ಬಿಸಿಯಾಗಿದ್ದು ಕಿವಿಗೆ ಬೀಳುವಷ್ಟರಲ್ಲಿ ಆರಿಹೋಗುತ್ತಿತ್ತು. ಹನ್ನೊಂದರ ಹೊತ್ತಿಗೆ ನೀರು ಬಂದು ಕಂಬದ ಪಾದ ಮುಟ್ಟಿತು, ಹನ್ನೆರಡಕ್ಕೆ ಮೆತ್ತಿದ ಜಾಗ ಮುಳುಗಿತು.

ಊಟದ ಹೊತ್ತಿನಲ್ಲಿ ಎಣಿಕೆ ತನ್ನ ಚೀಲ ಕಟ್ಟುವುದನ್ನು ಮೇಸ್ತ್ರಿ ಶೆಡ್ಡಿನ ಇನ್ನೊಂದು ತುದಿಯಿಂದ ನೋಡುತ್ತ ಕೂತ. ದರ್ಜಿಯ ಮಡಿಕೆ, ಒಂದೊಂದು ಬಟ್ಟೆಯೂ ತೋಳು ಒಳಗೆ ಸೇರಿ ಚೌಕವಾಗುತ್ತಿತ್ತು. ಮೂರು ವರ್ಷದ ಹಿಂದೆ ಇವನಿಗೆ ಜ್ವರ ಬಂದು ಬೇರೆ ಯಾವುದೋ ಸೈಟಿನ ಶೆಡ್ಡಿನಲ್ಲಿ ಎಂಟು ದಿನ ಮಲಗಿದ್ದಾಗ ಇದೇ ಕೈ ಒದ್ದೆ ಬಟ್ಟೆ ಮಡಚಿ ಹಣೆಗಿಡುತ್ತಿತ್ತು. ಆಗಲೂ ಇವನು ಬೈಯುತ್ತಲೇ ಇದ್ದ, ಬಟ್ಟೆ ತಣ್ಣಗಿದೆಯೆಂದು, ಬಿಸಿಯಾಯಿತೆಂದು. ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದು, ಕೈ ತೊಳೆಯದೆ, ಇಂಜಿನಿಯರ ಡಬ್ಬಿಯಂಥ ಆಫೀಸಿಗೆ ನಡೆದ. ಒಳಗೆ ಫ್ಯಾನು ತಿರುಗುತ್ತಿತ್ತು. ಇಂಜಿನಿಯರು ಕಿತ್ತಳೆ ಸುಲಿಯುತ್ತಿದ್ದ.

"ಸಾರ್, ಆ ಮೂಲೆ ಅವನು ಮಾಡಿದ್ದಲ್ಲ. ನಾನು ಮಾಡಿದ್ದು. ಅವನನ್ನ ಕೆಳಗಿಳಿಸಿ ನಾನೇ ಹಿಡಿದಿದ್ದೆ."

ಇಂಜಿನಿಯರು ಸಿಪ್ಪೆಯನ್ನು ಕಾಗದದ ಮೇಲಿಟ್ಟು, "ಗೊತ್ತು ಮೇಸ್ತ್ರಿ," ಎಂದ.

"ಏನು ಗೊತ್ತು?"

ಇಂಜಿನಿಯರು ಲ್ಯಾಪ್‌ಟಾಪನ್ನು ಇತ್ತ ತಿರುಗಿಸಿದ. ದೊಡ್ಡವರು ಸಾಲಾಗಿ ನಿಂತು ನಗುತ್ತಿದ್ದರು. ಅವರ ಹಿಂದೆ, ಮೇಲೆ ಅಟ್ಟಣಿಗೆಯಲ್ಲಿ, ವೈಬ್ರೇಟರ್ ಹಿಡಿದು, ಬಾಯಿ ಇಷ್ಟಗಲ ತೆರೆದು ಯಾರಿಗೋ ಕಿರುಚುತ್ತಿದ್ದ ಮನುಷ್ಯ ತಾನೇ ಎಂದು ಅರಿವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ವಯಸ್ಸಾಗಿದೆ, ಅಷ್ಟು ವಿಕಾರವಾಗಿ ಕಾಣುತ್ತೇನೆ ಎಂದು ತಿಳಿದಿರಲಿಲ್ಲ.

"ಕಳಿಸೋಕೆ ಒಬ್ಬರ ಹೆಸರು ಬೇಕಿತ್ತು. ಇನ್ನೂ ಆರನೇ ಕಂಬ ಇದೆ, ಸ್ಲ್ಯಾಬ್ ಇದೆ. ನಿಮ್ಮನ್ನ ಕಳಿಸಿ ನಾನೇನು ಮಾಡಲಿ? ವೈಬ್ರೇಟರ್ ಹಿಡಿಯೋಕೆ ಯಾರಾದ್ರೂ ಸಿಗ್ತಾರೆ. ಕೂತ್ಕೊಳ್ಳಿ, ಹಣ್ಣು ತಗೊಳ್ಳಿ."

ಮೊದಲು ಆದದ್ದು ಖುಷಿ. ನೀನಿಲ್ಲದೆ ನಡೆಯದು ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಒಂದಿಷ್ಟು ಉಬ್ಬಿತು, ಅದು ಉಬ್ಬಿದ್ದು ಅವನಿಗೇ ಗೊತ್ತಾಯಿತು, ಗೊತ್ತಾದ ಮೇಲೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಯಾವ ಇಂಜಿನಿಯರೂ ಅವನಿಗೆ ಕೂತುಕೊಳ್ಳಿ ಎಂದಿರಲಿಲ್ಲ. ಕೂರಿಸುವುದಕ್ಕೆ ಇದೇ ದಿನ ಬೇಕಾಯಿತೇ ಇವನಿಗೆ! "ಅವನ ಹೆಸರು ತೆಗೀರಿ ಸಾರ್," ಎಂದ. "ಹೋಗಿಬಿಟ್ಟಿದೆ ರಿಪೋರ್ಟು," ಎಂದ ಇಂಜಿನಿಯರು, ಹಣ್ಣಿನ ಒಂದು ತೊಳೆ ಬಾಯಿಗೆ ಹಾಕಿಕೊಂಡು.

ಏರಿದ ನೀರಿನಲ್ಲಿ ದೋಣಿ, ಹತ್ತಿಳಿಯಲು ಹಾಕಿದ್ದ ತಾತ್ಕಾಲಿಕ ಅಟ್ಟದ ಮಟ್ಟಕ್ಕೆ ಬಂದು ನಿಂತಿತ್ತು. ಖಾಲಿ ಡ್ರಮ್ಮುಗಳ ನಡುವೆ ಎಣಿಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೇಸ್ತ್ರಿ ಓಡಿ ಬಂದು ಏದುಸಿರು ಬಿಡುತ್ತ, "ಇಳಿಯೋ. ಹೇಳಿದ್ದೀನಿ ಅವರಿಗೆ," ಎಂದ.

"ಏನಂತ?"

"ನಾನೇ ಅಂತ."

"ಅದಕ್ಕೆ ಏನಂದ್ರು?"

ಮೇಸ್ತ್ರಿ ದೋಣಿಯ ಅಂಚು ಹಿಡಿದುಕೊಂಡ.

"ಗೊತ್ತಿತ್ತು ಅಂದ್ರಾ? ಎಲ್ಲರಿಗೂ ಗೊತ್ತು ಭಾವ. ನೀವು ಮೇಲೆ ನಿಂತು ಕೂಗಿದ್ದನ್ನ ಯಾರು ನೋಡಿಲ್ಲ ಹೇಳಿ."

"ಮತ್ತೆ ನೀನ್ಯಾಕೆ ಬಾಯಿ ಬಿಡಲಿಲ್ಲ? ಬಾಯಲ್ಲೇನು ಗಾರೆ ತುಂಬ್ಕೊಂಡಿದ್ದೆಯಾ?" ಸಿಟ್ಟು ಮತ್ತೆ ಏರಿತು, ಅದರಿಂದ ಅವನಿಗೆ ಎಷ್ಟೋ ಹಗುರವಾಯಿತು. "ನಾಲಗೆ ಇಲ್ವಾ ನಿನಗೆ? ಒಂದು ಮಾತು ಹೇಳಿದ್ರೆ ಮುಗಿದುಹೋಗ್ತಿತ್ತು!"

ಎಣಿಕೆ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದ. "ನೀವು ಹೇಳ್ತೀರೇನೋ ಅಂತ ಕಾದೆ. ಅವರು ಯಾರು ಅಂತ ಕೇಳಿದಾಗಿಂದ ಮನಸ್ಸಲ್ಲೇ ಎಣಿಸ್ತಾ ಇದ್ದೆ. ಹದಿನೈದಾಯ್ತು. ಇನ್ನೊಂದ್ ಸಲ ಹದಿನೈದಾಯ್ತು. ನೂರಿಪ್ಪತ್ತರವರೆಗೂ ಎಣಿಸಿದೆ ಭಾವ. ಆಮೇಲೆ ನೀವು ಕರಣೆ ತಗೊಂಡ್ರಿ."

ಎಂಜಿನ್ನು ಶುರುವಾಯಿತು. ಹಗ್ಗ ಬಿಚ್ಚುವವನು ಇವರಿಬ್ಬರನ್ನೂ ನೋಡಿ ಒಂದು ಕ್ಷಣ ತಡೆದ.

"ಅಕ್ಕನಿಗೆ ಏನು ಹೇಳ್ತೀಯ?"

"ಏನೂ ಹೇಳಲ್ಲ. ಅದು ನಿಮ್ಮ ಕೆಲಸ," ಎಂದು ಎಣಿಕೆ ಹಗ್ಗದವನಿಗೆ ತಾನೇ ಕೈಸನ್ನೆ ಮಾಡಿದ. ಅಷ್ಟು ವರ್ಷದಲ್ಲಿ ಅವನು ಭಾವನನ್ನು ಕೇಳದೆ ಯಾರಿಗಾದರೂ ಒಂದು ಅಪ್ಪಣೆ ಕೊಟ್ಟದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನೀರು ಇಳಿಯುತ್ತಿದ್ದಂತೆಯೇ ಮೇಸ್ತ್ರಿ ಜನರೇಟರಿನಿಂದ ವೈರು ಎಳೆಸಿ, ಒಡೆಯುವ ಯಂತ್ರವನ್ನು ಹೆಗಲ ಮೇಲೆ ಹೊತ್ತು, ಐದನೇ ಕಂಬಕ್ಕೆ ಬಂದ. ಯಾರನ್ನೂ ಕರೆಯಲಿಲ್ಲ. ನೆನೆದು ಬಣ್ಣ ಗಾಢವಾಗಿದ್ದ ತನ್ನ ಗಾರೆಯ ಮೇಲೆ ಉಳಿ ಇಟ್ಟು ಗುಂಡಿ ಒತ್ತಿದ. ಇಡೀ ಮೈ ಅದುರಿತು, ಹಲ್ಲು ಕಟಕಟಿಸಿತು. ನಿನ್ನೆಯ ನಯ ಬಿಸ್ಕತ್ತಿನಂತೆ ಎದ್ದು ಬಂತು, ಅದರ ಹಿಂದೆ ತೂತು, ತೂತಿನ ಹಿಂದೆ ಜಲ್ಲಿ, ಅದೂ ಸಾಲದೆ ಇನ್ನೂ ಒಳಕ್ಕೆ, ಗಟ್ಟಿಯಿದ್ದಲ್ಲಿಗೂ ಉಳಿ ಇಳಿಸಿದ. ಫೋಟೋದಲ್ಲಿ ಬರುತ್ತಿದ್ದೀರಿ. ಇಳಿಸಿದ. ಕೂತ್ಕೊಳ್ಳಿ, ಹಣ್ಣು ತಗೊಳ್ಳಿ. ಇಳಿಸಿದ. ತನ್ನ ಬಾಯಿ ಇಷ್ಟಗಲ ತೆರೆದಿದ್ದ ಆ ಮುಖ. ಇಳಿಸಿದ. ಇನ್ನು ಯಾವ ಪುಡಿ ಮೆತ್ತಿಯೂ ಮುಚ್ಚಲಾಗದಷ್ಟು, ಯಾವ ರಿಪೋರ್ಟಿನಲ್ಲೂ ಬಚ್ಚಿಡಲಾಗದಷ್ಟು ದೊಡ್ಡ ಬಾಯಿ ಕಂಬದ ಬುಡದಲ್ಲಿ ತೆರೆದು ನಾಲ್ಕೂ ಕಂಬಿ ಕಾಣುವವರೆಗೆ ಒಡೆದ. ಚೂರು ಹಾರಿ ಹುಬ್ಬು ಒಡೆಯಿತು, ಒರೆಸಿಕೊಳ್ಳಲಿಲ್ಲ. ಕೆಲಸದವರು ದೂರದ ಬಂಡೆಯ ಮೇಲೆ ಕೂತು ನೋಡುತ್ತಿದ್ದರು. ಬಡಗಿ ತಾತ ಮಾತ್ರ ಎದ್ದು ಬಂದು, ಮೇಲಿನ ಭಾರ ಕುಸಿಯದಂತೆ ಒಂದು ಮರದ ಆಸರೆ ಕೊಟ್ಟು, ಬೆಣೆ ಬಡಿದು, ಮತ್ತೆ ಹೋಗಿ ಕೂತ.

ಇಂಜಿನಿಯರು ಚಪ್ಪಲಿಯಲ್ಲೇ ಓಡಿ ಬಂದ. "ಮೇಸ್ತ್ರಿ! ಯಾರು ಹೇಳಿದ್ದು ಒಡೆಯೋಕೆ? ತಲೆ ಕೆಟ್ಟಿದೆಯಾ ನಿಮಗೆ?"

ಮೇಸ್ತ್ರಿ ಯಂತ್ರ ನಿಲ್ಲಿಸಿದ. "ಈಗ ಬರೀರಿ ಸಾರ್ ರಿಪೋರ್ಟು," ಎಂದ. "ಇದನ್ನ ಒಡೆದಿದ್ದು ಯಾರು ಅಂತ ಬರೀರಿ, ಯಾಕೆ ಒಡೆದ ಅಂತಲೂ ಬರೀರಿ. ಫೋಟೋ ಬೇಕಾದ್ರೆ ನಿಂತ್ಕೋತೀನಿ. ಈ ಸಲ ಸರಿಯಲ್ಲ."

ಆಫೀಸಿನಿಂದ ಫೋನು ಬರಲು ಒಂದು ಗಂಟೆಯೂ ಹಿಡಿಯಲಿಲ್ಲ. ಮೇಸ್ತ್ರಿ ಕೂಡಲೇ ಹೊರಟು ಬರಬೇಕು ಎಂದರಂತೆ. ಐದನೇ ಕಂಬವನ್ನು ಬುಡದಿಂದ ತೆಗೆದು ಮತ್ತೆ ಹಾಕಬೇಕೆಂದೂ ಆಯಿತು. ಅದನ್ನು ಬಡಗಿ ತಾತ ನೋಡಿಕೊಳ್ಳುತ್ತಾನಂತೆ. ಮಧ್ಯಾಹ್ನದ ದೋಣಿಯಲ್ಲಿ ನೀರು ತುಂಬಿಸಲು ಹೊರಟ ಡ್ರಮ್ಮುಗಳು, ಮೀನು ಹಿಡಿಯುವ ಇಬ್ಬರು, ದ್ವೀಪ ನೋಡಲು ಬಂದು ವಾಂತಿ ಮಾಡಿಕೊಂಡ ಒಂದು ಕುಟುಂಬ. ಮೇಸ್ತ್ರಿ ನಿಂತುಕೊಂಡೇ ಬಂದ. ಸಿಟ್ಟು ಇಳಿದಿರುತ್ತದೆ ಎಂದುಕೊಂಡಿದ್ದ, ಇಳಿದಿರಲಿಲ್ಲ. ಕಂಬ ಒಡೆದದ್ದರಲ್ಲೂ ಎಲ್ಲರೂ ನೋಡಲಿ ಎಂಬುದೊಂದು ಇತ್ತು ಎಂಬುದು ಅವನಿಗೆ ಗೊತ್ತಿತ್ತು. ಎಣಿಕೆ ಅದನ್ನು ನೋಡಿರಲಿಲ್ಲ, ನೋಡಿದ್ದರೂ ಅವನಿಗೆ ಅದರಿಂದ ಏನಾಗಬೇಕಿತ್ತು? ಅರ್ಧ ದಾರಿಯಲ್ಲಿ ಮನೆಗೆ ಫೋನು ಮಾಡಿದ.

"ಬರ್ತಿದ್ದೀನಿ," ಎಂದ.

"ನೀವೂನಾ?" ಎಂದಳು ಹೆಂಡತಿ. "ಏನಾಗಿದೆ ರೀ ಅಲ್ಲಿ? ಇವನು ನಿನ್ನೆ ಬಂದವನು ಬಾಯೇ ಬಿಡ್ತಿಲ್ಲ. ಕೆಲಸ ಬಿಟ್ಟೆ ಅಂತಾನೆ ಅಷ್ಟೇ. ಕೇಳಿದ್ರೆ ಭಾವನ್ನ ಕೇಳು ಅಂತಾನೆ."

"ಅಲ್ಲೇ ಇದ್ದಾನಾ? ಕೊಡು ಅವನಿಗೆ."

ಫೋನಿನ ಆ ಕಡೆ ಏನೋ ಮಾತು, ಕುರ್ಚಿ ಸರಿದ ಸದ್ದು. "ಮಾತಾಡಲ್ಲಂತೆ," ಎಂದಳು.

"ಬೇಡ. ಸ್ಪೀಕರ್ ಹಾಕಿ ನಿಮ್ಮಿಬ್ಬರ ಮಧ್ಯೆ ಇಡು. ಅವನು ಮಾತಾಡೋದು ಬೇಡ, ಎದ್ದು ಹೋಗದೆ ಇದ್ರೆ ಸಾಕು."

"ಇಟ್ಟಿದ್ದೀನಿ. ಹೇಳಿ."

ಎಂಜಿನ್ನಿನ ಸದ್ದಿಗೆ ತನ್ನ ಮಾತು ತನಗೇ ಕೇಳಿಸುತ್ತಿರಲಿಲ್ಲ. ಒಂದು ಸಲ ಮೆಲ್ಲಗೆ ಶುರುಮಾಡಿದ; "ಏನು? ಕೇಳಿಸ್ತಿಲ್ಲ ರೀ," ಎಂದಳು. ಆಗ ಅವನು ಕಂಬದ ಮೇಲಿನಿಂದ ಕೂಗುವ ದನಿಯಲ್ಲಿ, ಡ್ರಮ್ಮಿಗೆ ಒರಗಿದ್ದ ಮೀನಿನವರು ತಿರುಗಿ ನೋಡುವಂತೆ, ವಾಂತಿ ಮಾಡಿಕೊಂಡ ಹೆಂಗಸು ಮುಖ ಎತ್ತುವಂತೆ, "ನಿನ್ನ ತಮ್ಮ ಏನೂ ತಪ್ಪು ಮಾಡಿಲ್ಲ!" ಎಂದು ಕೂಗಿದ. "ಮಾಡಿದ್ದು ನಾನು! ಕೇಳಿಸ್ತಾ? ನಾನು ಅವನ ಕೈಯಿಂದ ಕಿತ್ಕೊಂಡೆ! ಅವನಿಗೆ ಬಾಯಿಗೆ ಬಂದ ಹಾಗೆ ಅಂದೆ, ನಿನ್ನ ಹೆಸರು ಎಳೆದು ಅಂದೆ! ಆಮೇಲೆ ಅವನ ಮೇಲೆ ಬಂದಾಗ ಸುಮ್ಮನೆ ನಿಂತಿದ್ದೆ!"

ಕಡಿದುಹೋಯಿತೇ ಎಂದು ಫೋನು ನೋಡಿದ, ಕಡಿದಿರಲಿಲ್ಲ. ಮತ್ತೆ ಕಿವಿಗಿಟ್ಟುಕೊಂಡ.

"ಕೇಳಿಸ್ತು," ಎಂದಳು ಹೆಂಡತಿ. "ಅವನು ಇಲ್ಲೇ ಕೂತಿದ್ದಾನೆ. ಏನಂದ್ರಿ ನನ್ನ ಹೆಸರು ಎಳೆದು? ಅದನ್ನೂ ಹೇಳಿ. ಪೂರ್ತಿ ಹೇಳಿ."

ದಡದ ಮನೆಗಳು ಕಾಣತೊಡಗಿದ್ದವು. ದೋಣಿಯ ಜನರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಮೊದಲಿನಿಂದ, ಒಂದೊಂದು ಮಾತನ್ನೂ ಆಡಿದ್ದ ಹಾಗೆಯೇ, ಅಷ್ಟೇ ಗಟ್ಟಿಯಾಗಿ ಹೇಳತೊಡಗಿದ.